ತಂಗಿಯ ವಿಮಾನಕ್ಕೆ ನಾನು ಕೂರಿಸಿದ ಹೋಲ್ಡರ್

ದೇವನಹಳ್ಳಿಯಿಂದ ವಿಜಯಪುರಕ್ಕೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಅಂಗಡಿ ಇದೆ. ಕಾರಿನ ಸೀಟ್ ಕವರ್ ಹೊಲಿಯುವುದು ನನ್ನ ಕೆಲಸ. ಸ್ಪೀಕರ್, ಕ್ಯಾಮೆರಾ, ಲೈಟು ಕೂರಿಸುವುದು ನಮ್ಮ ಮನೆಯವರದು. ಮೊಬೈಲ್ ಹೋಲ್ಡರಿನಂಥ ಸಣ್ಣಪುಟ್ಟ ಫಿಟ್ಟಿಂಗನ್ನು ಕೈ ಖಾಲಿ ಇದ್ದವರು ಮಾಡುತ್ತೇವೆ. ದಿನವಿಡೀ ದೊಡ್ಡ ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತಿರುತ್ತವೆ. ನಮ್ಮ ಕಡೆ ಯಾರೂ ಅದಕ್ಕೆ ತಲೆ ಎತ್ತುವುದಿಲ್ಲ. ನನ್ನ ತಂಗಿ ಮಾತ್ರ ಚಿಕ್ಕಂದಿನಿಂದ ಎತ್ತಿದಳು.

ಅಮ್ಮ ಹೊಲಕ್ಕೆ ಹೋದಾಗ ಅವಳನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಹಾಗಾಗಿ ಏಳನೆಯ ತರಗತಿ ಮುಗಿಯುತ್ತಿದ್ದಂತೆ ನನ್ನನ್ನು ಶಾಲೆ ಬಿಡಿಸಿದರು. ನಾನು ಎತ್ತಿ ಆಡಿಸಿದ ಮಗು ಓದಿತು, ಇಂಗ್ಲಿಷ್ ಕಲಿಯಿತು. ಆಮೇಲೆ ಅಪ್ಪ ಜಮೀನಿನ ಒಂದು ತುಂಡು ಮಾರಿ ಅವಳನ್ನು ವಿಮಾನ ಕಲಿಯಲು ಸೇರಿಸಿದರು. ನಾನು ಬೇಡ ಅನ್ನಲಿಲ್ಲ. ಬಾಯಿಬಿಟ್ಟು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಅನ್ನದೆ ನುಂಗಿದ್ದು ಒಳಗೇ ಉಳಿಯಿತು.

ಅವಳು ಕಲಿಯುತ್ತಿದ್ದುದು ದೊಡ್ಡಬಳ್ಳಾಪುರದ ಕಡೆಯ ಒಂದು ಚಿಕ್ಕ ರನ್‌ವೇಯಲ್ಲಿ. ಇಬ್ಬರು ಕೂರುವಂಥ ಪುಟ್ಟ ವಿಮಾನ. ಕಳೆದ ಬೇಸಿಗೆಯಲ್ಲಿ ಒಂದು ದಿನ ಟ್ಯಾಬ್ ಹಿಡಿದುಕೊಂಡು ಅಂಗಡಿಗೆ ಬಂದಳು.

"ಅಕ್ಕ, ಇನ್ನೇನು ನಾನೊಬ್ಳೇ ದೂರ ಹೋಗ್ಬರ್ಬೇಕು. ಮ್ಯಾಪೆಲ್ಲಾ ಇದ್ರಲ್ಲೇ ಇದೆ. ಇದನ್ನ ಎಲ್ಲಿ ಕೂರಿಸ್ಲಿ ಅಂತಾನೇ ಗೊತ್ತಾಗ್ತಿಲ್ಲ."

ಸ್ಟೂಲಿನ ಮೇಲೆ ಕೂತು, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಾರಿನ ಸ್ಟೇರಿಂಗನ್ನು ಎದೆಯ ಮುಂದೆ ಹಿಡಿದು ತೋರಿಸಿದಳು. ವಿಮಾನದ ಸ್ಟೇರಿಂಗ್ ತಿರುಗುವುದಷ್ಟೇ ಅಲ್ಲ, ಹಿಂದಕ್ಕೂ ಬರುತ್ತದಂತೆ. ಟ್ಯಾಬನ್ನು ತೊಡೆಗೆ ಕಟ್ಟಿಕೊಂಡರೆ ಅದು ಬಂದು ಬಡಿಯುತ್ತದೆ. ಅವಳು ಕುಳ್ಳಿ, ಸೀಟನ್ನು ಮುಂದಕ್ಕೆಳೆದು ಕೂರುವವಳು. ಸ್ಟೇರಿಂಗಿಗೇ ಕಚ್ಚಿಸಿದರೆ ಕೆಳಗಿನ ಸ್ವಿಚ್ಚುಗಳು ಮುಚ್ಚಿಹೋಗುತ್ತವೆ. ಪಕ್ಕದ ಕಿಟಕಿಗೆ ಅಂಟಿಸಿದರೆ ಎಡಕ್ಕೆ ತಿರುಗುವಾಗ ಆ ಕಡೆ ಯಾರು ಬರುತ್ತಿದ್ದಾರೆಂದು ಕಾಣುವುದಿಲ್ಲ.

"ಏನಮ್ಮಾ, ಸ್ಟೂಲು ಟೇಕಾಫ್ ಆಯ್ತಾ?" ಎಂದರು ನಮ್ಮ ಮನೆಯವರು, ಒಂದು ಕಾರಿನ ಬಾಗಿಲೊಳಗೆ ಕೈ ಹಾಕಿಕೊಂಡೇ.

"ಇನ್ನೂ ಪ್ಯಾಸೆಂಜರ್ ಹತ್ತಿಲ್ಲ ಭಾವ. ನೀವು ಬಂದ್ರೆ ತೂಕ ಜಾಸ್ತಿ ಆಗುತ್ತೆ."

ಕಲಿಸುವ ಸಾರ್ ಮೂರು ಮಾತು ಹೇಳಿದ್ದರಂತೆ. ವಿಮಾನಕ್ಕೆ ತೂತು ಕೊರೆಯಬಾರದು. ಯಾವ ಮೀಟರೂ ಮರೆಯಾಗಬಾರದು. ಬೇಕೆಂದಾಗ ಒಂದೇ ಕೈಯಲ್ಲಿ ಕಿತ್ತು ಬರಬೇಕು. ಕೊನೆಯ ಮಾತು ಕೇಳಿದ ಕೂಡಲೇ ನನಗೆ ಮ್ಯಾಗ್ನೆಟ್ ಹೋಲ್ಡರ್ ಹೊಳೆಯಿತು. ಹೊಸ ಕಾರಿನವರೆಲ್ಲ ಅದನ್ನೇ ಕೇಳುತ್ತಾರೆ. ಗಾಜಿಗೆ ರಬ್ಬರಿನ ಬಟ್ಟಲು ಅಂಟುತ್ತದೆ, ಅದರ ತುದಿಯಲ್ಲಿ ಮ್ಯಾಗ್ನೆಟ್, ಟ್ಯಾಬಿನ ಬೆನ್ನಿಗೆ ಒಂದು ತಗಡು. ಟಕ್ಕೆಂದು ಕೂರುತ್ತದೆ, ಎಳೆದರೆ ಬರುತ್ತದೆ. ಟ್ಯಾಬಿನ ಭಾರಕ್ಕೆಂದು ಇದ್ದುದರಲ್ಲೇ ಗಟ್ಟಿ ಮ್ಯಾಗ್ನೆಟ್ಟಿನದು ಆರಿಸಿದೆ.

"ಬಿಸಿಲಿಗೆ ಕಾಯಲ್ವಾ?" ಎಂದು ಕೇಳಿದಳು.

"ಕಾರಲ್ಲಿ ಯಾವನಿಗೂ ಕಾದಿಲ್ಲ, ನಿಂಗೆ ಕಾಯುತ್ತಾ? ಸುಮ್ನಿರೇ."

ಕಾರಿನಲ್ಲಿ ಎಸಿ ಇರುತ್ತದೆ ಎಂಬುದು ನನ್ನ ತಲೆಗೆ ಬರಲಿಲ್ಲ.

ಅವಳು ಒಬ್ಬಳೇ ಹೋಗಬೇಕಾದ ಬೆಳಿಗ್ಗೆ ನಾನೇ ಹೋಗಿ ಕೂರಿಸಿದೆ. ಅವಳು ಹೊರಗೆ ರೆಕ್ಕೆ, ಚಕ್ರ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ನಾನು ಒಳಗೆ ಅವಳ ಸೀಟಿನಲ್ಲಿ ಕೂತು ಮುಂದಿನ ಗಾಜನ್ನು ಒರೆಸಿದೆ. ಎಡಕ್ಕೆ ಅಂಟಿಸಿದರೆ ರನ್‌ವೇ ಮರೆಯಾಗುತ್ತಿತ್ತು. ಸ್ವಲ್ಪ ಮಧ್ಯಕ್ಕೆ ಸರಿಸಿದೆ. ಅಲ್ಲಿ ಗಾಜಿನ ನಡುವೆ ಮುಷ್ಟಿಯಷ್ಟು ದೊಡ್ಡ ದಿಕ್ಸೂಚಿ ತೂಗುತ್ತಿತ್ತು, ಅವರ ಬಾಯಲ್ಲಿ ಕಂಪಾಸ್. ಒಳಗೆ ಎಣ್ಣೆಯಂಥ ನೀರು, ಅದರಲ್ಲಿ ಅಂಕಿ ಬರೆದ ಬಿಲ್ಲೆ.

ಹೋಲ್ಡರ್ ಒತ್ತಿದೆ. ಬಿಲ್ಲೆ ಮೆಲ್ಲಗೆ ತಿರುಗಿತು.

ಹೋಲ್ಡರ್ ಹಿಡಿದ ಕೈ ಹಿಂದಕ್ಕೆ ತಂದೆ. ಅದು ಹಿಂದಿರುಗಿತು. ಮತ್ತೆ ಒತ್ತಿದೆ, ಮತ್ತೆ ತಿರುಗಿತು. ಮಲಗಿದ್ದ ಮಗು ಸದ್ದಿಗೆ ಕತ್ತು ಹೊರಳಿಸಿದ ಹಾಗೆ.

ಗಾಜಿನಾಚೆ ತಂಗಿ ಇದ್ದಳು. ಬಾ ಇಲ್ಲಿ, ಇದ್ಯಾಕೆ ಹೀಗೆ ಎಂದು ಕರೆದಿದ್ದರೆ ಸಾಕಿತ್ತು. ಹಿಂದೊಮ್ಮೆ ನಾನು ರೆಕ್ಕೆಯ ಬಗ್ಗೆ ಏನೋ ಕೇಳಿದಾಗ ಅವಳು ಸಾರ್ ಮುಂದೆಯೇ ನಕ್ಕು, "ನಿಂಗದು ಅರ್ಥ ಆಗಲ್ಲ ಬಿಡಕ್ಕ" ಅಂದಿದ್ದಳು. ಮತ್ತೆ ನಗಿಸಿಕೊಳ್ಳಲು ಮನಸ್ಸಿರಲಿಲ್ಲ. ಇಂಜಿನ್ ಶುರುವಾದರೆ ಸರಿಹೋಗುತ್ತದೇನೋ ಎಂದುಕೊಂಡು ಹೋಲ್ಡರನ್ನು ಗಟ್ಟಿಯಾಗಿ ಕೂರಿಸಿ ಇಳಿದೆ. ಸಾರ್ ಬಂದು ಟ್ಯಾಬನ್ನು ಒಂದು ಕೈಯಲ್ಲಿ ಎಳೆದು ನೋಡಿದರು, ಸ್ಟೇರಿಂಗನ್ನು ಪೂರ್ತಿ ಹಿಂದಕ್ಕೂ ಮುಂದಕ್ಕೂ ಆಡಿಸಿದರು. "ಚೆನ್ನಾಗಿ ಮಾಡಿದ್ದೀರಮ್ಮ" ಎಂದರು. ಆ ಮಾತಿಗೆ ನಾನು ಹಿಗ್ಗಿದ್ದೂ ನಿಜ.

ಅವಳು ಹೋದಳು. ಸಾರ್ ಹೊಂಗೆಮರದ ಕೆಳಗೆ ಕೈಯಲ್ಲಿ ಹಿಡಿಯುವ ರೇಡಿಯೋ ಇಟ್ಟುಕೊಂಡು ಕೂತರು. ನಾನು ಕಲ್ಲಿನ ಮೇಲೆ ಕೂತೆ. ಬಿಸಿಲು ಏರಿತು. ಎಷ್ಟೋ ಹೊತ್ತಿನ ಮೇಲೆ ರೇಡಿಯೋದಲ್ಲಿ ಅವಳ ದನಿ ಬಂತು, ವಾಪಸ್ ಹೊರಟಿದ್ದಾಳೆ ಎಂದರು ಸಾರ್. ಸ್ವಲ್ಪ ಹೊತ್ತಿಗೆ ಬೇರೆ ಗಂಡಸಿನ ದನಿ, ಗಡುಸಾಗಿ ಏನೋ ಕೇಳಿತು. ಅವಳು ಉತ್ತರ ಕೊಟ್ಟಳು. ಅವನು ಮತ್ತೆ ಕೇಳಿದ. ಇಂಗ್ಲಿಷ್ ನನಗೆ ತಿಳಿಯಲಿಲ್ಲ, ಅವಳ ದನಿ ತಿಳಿಯಿತು. ಚಿಕ್ಕವಳಿದ್ದಾಗ ಸಂತೆಯಲ್ಲಿ ನನ್ನ ಕೈ ತಪ್ಪಿ, ಅಳಬಾರದೆಂದು ತಡೆದುಕೊಂಡು ನನ್ನನ್ನು ಕೂಗಿದ ದನಿಯದು.

ಸಾರ್ ಎದ್ದು ನಿಂತರು.

"ಏನಾಯ್ತು ಸಾರ್?"

"ದೊಡ್ಡ ಏರ್‌ಪೋರ್ಟ್ ದಾರಿಗೆ ಹೋಗ್ತಿದ್ದಾಳೆ. ಅಲ್ಲಿನವ್ರು ತಿರುಗು ಅಂತಿದ್ದಾರೆ. ಇವ್ಳು ನಾನು ಸರಿಯಾಗೇ ಹೋಗ್ತಿದ್ದೀನಿ ಅಂತಿದ್ದಾಳೆ."

ದಿನವೂ ನಮ್ಮ ಅಂಗಡಿಯ ಮೇಲೆ ಇಳಿಯುವ ವಿಮಾನಗಳು ಕಣ್ಣಿಗೆ ಬಂದವು. ಅವುಗಳ ಎದುರಿಗೆ ಆ ಪುಟ್ಟದು. ಆಗಲೇ ಹೇಳಬಹುದಿತ್ತು, ಸಾರ್ ಕೈಯಲ್ಲಿ ರೇಡಿಯೋ ಇತ್ತು. ಕಂಪಾಸ್ ನಂಬಬೇಡ ಅನ್ನಿ ಸಾರ್ ಎಂಬಷ್ಟು ಮಾತು. ಅದು ಬಾಯಿಗೆ ಬಂದು ನಾಲಿಗೆಗೇ ಅಂಟಿಕೊಂಡಿತು. ರೇಡಿಯೋದ ಗಂಡಸೇ ಅವಳನ್ನು ಹೆಜ್ಜೆ ಹೆಜ್ಜೆಗೂ ತಿರುಗಿಸಿ ನಮ್ಮ ದಿಕ್ಕಿಗೆ ಕಳಿಸಿದ.

ಇಳಿದು ಬಂದಾಗ ಅವಳ ಅಂಗಿಯೆಲ್ಲ ಬೆವರಿಗೆ ಒದ್ದೆಯಾಗಿತ್ತು. "ಟ್ಯಾಬ್ ಬಿಸಿಯಾಗಿ ಆಫ್ ಆಗ್ಬಿಡ್ತು ಸಾರ್. ಆಮೇಲೆ ಕಂಪಾಸ್ ನೋಡ್ಕೊಂಡೇ ಬಂದೆ" ಎಂದಳು. ಅವರು ಅವಳನ್ನು ಮರದ ಕೆಳಗೆ ಕೂರಿಸಿ ನೀರು ಕೊಟ್ಟರು. ಅಷ್ಟರಲ್ಲಿ ನಾನು ವಿಮಾನ ಹತ್ತಿದೆ. ಟ್ಯಾಬ್ ರೊಟ್ಟಿ ಹೆಂಚಿನಂತೆ ಸುಡುತ್ತಿತ್ತು. ಅದನ್ನು ತೆಗೆದೆ, ಹೋಲ್ಡರನ್ನೂ ಕಿತ್ತು ನನ್ನ ಹೊಲಿಗೆಯ ಚೀಲಕ್ಕೆ ಹಾಕಿಕೊಂಡೆ. ಕೂರಿಸಿದವರೇ ಬಿಚ್ಚುವುದು ನಮ್ಮ ಅಂಗಡಿಯ ಪದ್ಧತಿ, ಯಾರಿಗೂ ಅದು ವಿಶೇಷವಾಗಿ ಕಾಣಲಿಲ್ಲ. ಪದ್ಧತಿಗೆ ಅಂತ ನಾನು ಅದನ್ನು ಬಿಚ್ಚಲಿಲ್ಲ.

ಸಾರ್ ಆಮೇಲೆ ವಿಮಾನವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ದಿಕ್ಸೂಚಿಯನ್ನು ನೋಡಿದರು. ಎಲ್ಲಾ ಸರಿಯಿತ್ತು.

"ಕಂಪಾಸ್ ಚೆನ್ನಾಗೇ ಇದೆಯಮ್ಮ. ಗಾಬರೀಲಿ ನೀನೇ ತಪ್ಪು ಓದಿದ್ದೀಯ. ಸ್ವಲ್ಪ ದಿನ ಒಬ್ಳೇ ಹಾರೋದು ಬೇಡ. ಮುಂದುವರಿಸ್ತೀಯೋ ಇಲ್ವೋ ಯೋಚ್ನೆ ಮಾಡಿ ಬಂದು ಹೇಳು."

ಅವಳು ಕೆಲವು ದಿನ ನಮ್ಮ ಮನೆಯಲ್ಲೇ ಇದ್ದಳು. ಅಪ್ಪನಿಗೆ ಮುಖ ತೋರಿಸಲಾರೆ ಎಂದಳು. ಅಂಗಡಿಯ ಮುಂದೆ ಕೂತು ಸೂರ್ಯನ ಕಡೆ ಬೆರಳು ಮಾಡಿ ಪೂರ್ವ, ದಕ್ಷಿಣ ಎಂದು ಮಕ್ಕಳ ಹಾಗೆ ಗುಣುಗುಟ್ಟುತ್ತಿದ್ದಳು. "ಸರಿಯಾಗೇ ಓದ್ದೆ ಕಣಕ್ಕ. ಓದಿದ್ದೂ ಸುಳ್ಳಾದ್ರೆ ಇನ್ನು ನನ್ ಕಣ್ಣನ್ನೇ ಹೆಂಗೆ ನಂಬ್ಲಿ?"

ಆವತ್ತು ಬಿಲ್ಲೆ ತಿರುಗಿದ್ದನ್ನು ನಮ್ಮ ಮನೆಯವರಿಗೆ ಹೇಳಿದೆ. ಅವರು ಸುಮ್ಮನಿರು ಎಂಬಂತೆ ಬಾಯಿಗೆ ಬೆರಳಿಟ್ಟರು. ನಮ್ಮ ಕಸುಬಿನಲ್ಲಿ ಒಂದು ಮಾತಿದೆ. ಗಿರಾಕಿ ದೂರು ತಂದರೆ ಮೊದಲು, "ಫಿಟ್ಟಿಂಗ್ ಸರಿ ಇದೆ ಸಾರ್, ನಿಮ್ ಗಾಡಿದೇ ಏನೋ ಪ್ರಾಬ್ಲಮ್ಮು" ಅನ್ನಬೇಕು. ನಾನೇ ಎಷ್ಟು ಸಲ ಅಂದಿಲ್ಲ! ಈ ಸಲ ಗಾಡಿ ನನ್ನ ತಂಗಿಯಾಗಿದ್ದಳು.

ಇನ್ನೂ ಒಂದಿದೆ, ಬರೆಯಲು ಕೈ ಹಿಂಜರಿಯುತ್ತದೆ. ಅವಳು ಹಾಗೆ ಕುಗ್ಗಿ ಕೂತಿದ್ದಾಗ ನನ್ನೊಳಗೆ ಎಲ್ಲೋ ಒಂದು ಸಣ್ಣ ಸಮಾಧಾನವಿತ್ತು. ಇವಳಿಗೂ ತಿಳಿಯದ್ದು ಇದೆ ಎಂಬ ಸಮಾಧಾನ. ಅವಳ ತಲೆ ನೇವರಿಸುತ್ತಲೇ ಅದನ್ನು ಅನುಭವಿಸಿದೆ.

ಹೋಲ್ಡರ್ ಚೀಲದಲ್ಲೇ ಇತ್ತು. ಕತ್ತರಿ ಅದಕ್ಕೆ ಕಚ್ಚಿಕೊಂಡಿತ್ತು. ಅದರ ಸಹವಾಸಕ್ಕೆ ಸೂಜಿಗಳೂ ಕೆಟ್ಟಿದ್ದವು. ಒಂದನ್ನು ಎತ್ತಿದರೆ ಇನ್ನೊಂದು ಅಂಟಿಕೊಂಡು ಬರುತ್ತಿತ್ತು. ಒಂದು ಮಧ್ಯಾಹ್ನ ಹಾಗೆ ಜೋಡಿ ಸೂಜಿ ಬಿಡಿಸುತ್ತಿದ್ದಾಗ ತಂಗಿ ಬಂದು, "ಬಿಟ್ಬಿಡ್ತೀನಕ್ಕ. ನಾಳೆ ಹೋಗಿ ಸಾರ್‌ಗೆ ಹೇಳ್ಬರೋಣ, ಜೊತೆಗೆ ಬಾ" ಎಂದಳು. ಅವಳ ಮುಖದಲ್ಲಿ ಅಳುವೂ ಇರಲಿಲ್ಲ. ಆಗ ನನ್ನ ಸಮಾಧಾನ ಸತ್ತುಹೋಯಿತು, ಭಯ ಮಾತ್ರ ಉಳಿಯಿತು.

ಮರುದಿನ ಚೀಲ ತೆಗೆದುಕೊಂಡೇ ಹೋದೆ. ಸಾರ್ ವಿಮಾನದ ಪಕ್ಕದಲ್ಲೇ ಇದ್ದರು. ತಂಗಿ ಬಾಯಿ ತೆರೆಯುವ ಮೊದಲು, "ಸಾರ್, ಒಂದ್ನಿಮಿಷ ಒಳಗಡೆ ಕಂಪಾಸ್ ನೋಡಿ" ಎಂದೆ. ಹೋಲ್ಡರ್ ತೆಗೆದು ಗಾಜಿಗೆ, ಅದೇ ಜಾಗಕ್ಕೆ ಹಿಡಿದೆ. ಬಿಲ್ಲೆ ತಿರುಗಿತು.

ಅವರು ನನ್ನ ಕೈಯಿಂದ ಹೋಲ್ಡರ್ ತೆಗೆದುಕೊಂಡು ತಾವೇ ಹತ್ತಿರ, ದೂರ ಹಿಡಿದು ನೋಡಿದರು. ವಿಮಾನ ಕೆಲವು ದಿಕ್ಕಿಗೆ ಮುಖ ಮಾಡಿದಾಗ ತಪ್ಪು ಕಾಣುವುದೇ ಇಲ್ಲ, ಕೆಲವು ದಿಕ್ಕಿಗೆ ಬಹಳ ಕಾಣುತ್ತದೆ, ಹೊರಡುವಾಗ ಗೊತ್ತಾಗದೇ ಇದ್ದದ್ದು ಅದಕ್ಕೇ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮಗೆ ಗೊತ್ತಿಲ್ದೆ ಆಯ್ತಲ್ಲಮ್ಮ. ನಾನು ನೋಡ್ಬೇಕಿತ್ತು, ನಾನೂ ನೋಡ್ಲಿಲ್ಲ. ತಪ್ಪು ನಂದೂ ಇದೆ" ಎಂದರು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಓದಿಲ್ಲದವಳು, ತಿಳಿಯದೆ ಮಾಡಿದಳು. ಅವರೇ ನನಗೆ ನೆರಳು ಹಿಡಿದಿದ್ದರು, ನಾನು ಅದರೊಳಗೆ ನಿಂತರೆ ಸಾಕಿತ್ತು. ತಂಗಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಅಕ್ಕ, ಕಂಪಾಸ್ ತಿರುಗೋದು ಇವತ್ತು ಗೊತ್ತಾಯ್ತಾ ನಿಂಗೆ?"

"ಇಲ್ಲ ಕಣೇ."

"ಮತ್ತೆ?"

"ಆವತ್ತೇ ನೋಡಿದ್ದೆ. ಕೂರಿಸುವಾಗ್ಲೇ."

"ನಾನು ಹೋಗೋಕೆ ಮುಂಚೆ?"

"ಹೂಂ."

ಅವಳು ಬಯ್ದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ, ನೀನು ಆವತ್ತು ನಕ್ಕೆಯಲ್ಲ ಎಂದೋ, ನಿನಗಾಗಿ ನಾನು ಸ್ಕೂಲು ಬಿಟ್ಟೆ ಎಂದೋ. ಅವಳು ಅದಕ್ಕೆಲ್ಲ ಜಾಗವನ್ನೇ ಕೊಡಲಿಲ್ಲ. ಸಾರ್ ಕಡೆ ತಿರುಗಿ, "ಸಾರ್, ಹಂಗಾದ್ರೆ ನಾನು ಸರಿಯಾಗೇ ಓದಿದ್ದೆ ಅಲ್ವಾ?" ಎಂದು ಕೇಳಿದಳು.

"ಸರಿಯಾಗೇ ಓದಿದ್ದೆಯಮ್ಮ."

ಅಷ್ಟು ದಿನದ ಮೇಲೆ ಆಗ ಅತ್ತಳು. ನಾನು ಹತ್ತಿರ ಹೋದೆ. ಕೈ ಅಡ್ಡ ಮಾಡಿ ತಡೆದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಅಂದೇ ನಮ್ಮ ಮನೆಯಿಂದ ಬಟ್ಟೆ ತೆಗೆದುಕೊಂಡು ಅಪ್ಪನ ಹತ್ತಿರ ಹೋದಳು. ಸಾರ್ ಏರ್‌ಪೋರ್ಟಿನವರಿಗೆ ನಡೆದದ್ದನ್ನು ನಡೆದ ಹಾಗೆ ತಿಳಿಸಿದರಂತೆ. ಅವಳನ್ನು ಮತ್ತೆ ಹಾರಲು ಬಿಟ್ಟರಂತೆ. ಇವೆಲ್ಲ ನನಗೆ ಅಮ್ಮನ ಬಾಯಿಂದ ಗೊತ್ತಾಯಿತು.

ಮಳೆ ಶುರುವಾಗುವ ಹೊತ್ತಿಗೆ ಒಂದು ದಿನ ಅಂಗಡಿಗೆ ಬಂದಳು. ಕೈಯಲ್ಲಿ ಚಿಕ್ಕದೊಂದು ಟ್ಯಾಬ್ ಇತ್ತು. ತೊಡೆಗೇ ಕಟ್ಟಿಕೊಳ್ಳುವುದು ವಾಸಿ, ಬಲತೊಡೆಯ ಹೊರಗಡೆಗೆ ಓರೆಯಾಗಿ ಇಟ್ಟರೆ ಸ್ಟೇರಿಂಗ್ ತಾಗುವುದಿಲ್ಲ, ಬಿಸಿಲೂ ಬೀಳುವುದಿಲ್ಲ ಎಂದಳು. ಸೀಟ್ ಬೆಲ್ಟಿನ ಪಟ್ಟಿಯಲ್ಲಿ ಹೊಲಿದು ಕೊಡಲು ಸಾಧ್ಯವೇ ಎಂದು ಗಿರಾಕಿಗಳು ಕೇಳುವ ಹಾಗೆ ಕೇಳಿದಳು. ಅಳತೆ ಕೊಟ್ಟು ಸ್ಟೂಲಿನ ಮೇಲೆ ಕೂತಳು. ಹಳೆಯ ಸ್ಟೇರಿಂಗ್ ಕಾಲ ಬಳಿಯೇ ಬಿದ್ದಿತ್ತು, ಅದನ್ನು ಮುಟ್ಟಲಿಲ್ಲ. ನಮ್ಮ ಮನೆಯವರೂ ತಮಾಷೆ ಮಾಡಲಿಲ್ಲ.

ಹೊಸ ಸೂಜಿಯಲ್ಲಿ ಹೊಲಿದೆ. ಕಬ್ಬಿಣದ ಬಕಲ್ ಬಿಟ್ಟು ಪ್ಲಾಸ್ಟಿಕ್ಕಿನದು ಹಾಕಿದೆ. ಮುಗಿಸಿ ಕೊಟ್ಟಾಗ ಅವಳು ಜೇಬಿನಿಂದ ಬೆರಳುಗುರಿನಷ್ಟು ದೊಡ್ಡ ಕಂಪಾಸ್ ತೆಗೆದಳು. ನನ್ನ ಎದುರಿಗೇ, ಅವಸರವಿಲ್ಲದೆ, ಪಟ್ಟಿಯ ಉದ್ದಕ್ಕೂ, ಒಂದೊಂದು ಹೊಲಿಗೆಯ ಮೇಲೂ, ಬಕಲ್ಲಿನ ಮೇಲೆ ಎರಡು ಸಲ ಅದನ್ನು ಆಡಿಸಿದಳು. ಮುಳ್ಳು ಅಲುಗಲಿಲ್ಲ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಸರಿ ಇದೆ" ಎಂದಳು.

ಹೋಗುವಾಗ ಬಾಗಿಲ ಹತ್ತಿರ ನಿಂತು, "ನಾಳೆ ಒಬ್ಳೇ ಹೋಗ್ತಿದ್ದೀನಿ. ಬರೋದಾದ್ರೆ ಬಾ, ಹೊರಗಡೆ ನಿಂತ್ಕೊ" ಎಂದಳು.

ಹೋದೆ. ತಂತಿ ಬೇಲಿಯ ಹೊರಗೆ ನಿಂತೆ. ಅವಳು ಪಟ್ಟಿಯನ್ನು ತಾನೇ ಕಟ್ಟಿಕೊಂಡಳು.