ಅಲ್ಲಾಡದ ವಸ್ತು ಎಂದು ಇವರನ್ನೇ ಹಿಡಿದದ್ದು

ನನ್ನ ಮೊಮ್ಮಗಳು ಹೈಸ್ಕೂಲಿಗೆ ಹೋಗುತ್ತಿದ್ದಾಗ ಒಂದು ಪುಸ್ತಕ ತಂದಳು. ದುರ್ಬೀನು ಆರಿಸುವುದು ಹೇಗೆ, ಬಳಸುವುದು ಹೇಗೆ ಎಂದು ಹೊಸಬರಿಗೆ ಹೇಳಿಕೊಡುವ ಪುಸ್ತಕ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನಾನು ಅಕ್ಕಿಹಿಟ್ಟಿನ ಪತ್ತಿರ್ ರೊಟ್ಟಿ ತಟ್ಟುವಾಗ ಅವಳು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುವುದು. ಎಂಥ ಓದು ಮಾರಾಯ್ರೇ! ರೇಡಿಯೋದವರಿಗೂ ಹಾಗೆ ಓದಲಿಕ್ಕೆ ಬರಲಿಕ್ಕಿಲ್ಲ.

ಅವಳಿಗೆ ಒಂದೇ ಹಟ. ರಂಜಾನಿನ ಕೊನೆಗೆ ಚಂದ್ರ ಕಾಣುವ ಸಂಜೆ ಎಲ್ಲರೂ ನಮ್ಮ ಅಂಗಳದಲ್ಲಿ ನಿಂತು "ಅಗೋ, ತೆಂಗಿನ ತುದಿಯಲ್ಲಿ!" ಎಂದು ಕೂಗುತ್ತಾರೆ. ನನ್ನ ಕಣ್ಣಿಗೆ ದೂರದ್ದು ಮಂಜು. ನನಗೆ ತೆಂಗು ಕಾಣುತ್ತದೆ, ಚಂದ್ರ ಇಲ್ಲ. ಎಷ್ಟು ಹಬ್ಬ ಹಾಗೇ ಹೋಯಿತೋ! "ಈ ಸಲ ಅಜ್ಜಿಗೆ ನಾನು ತೋರಿಸಿಯೇ ತೋರಿಸ್ತೇನೆ" ಎಂದಳು. ಅದನ್ನು ಕೇಳಿಯೇ ನನ್ನ ಹೊಟ್ಟೆ ತುಂಬಿತ್ತು.

ದುಬೈಯಿಂದ ಬರಲಿದ್ದ ನನ್ನ ತಮ್ಮನಿಗೆ ಅವಳು ಫೋನಿನಲ್ಲಿಯೇ ಪುಸ್ತಕ ಓದಿ ಹೇಳಿದಳು. ಡಬ್ಬದ ಮೇಲೆ ಇಷ್ಟು ಪಟ್ಟು ದೊಡ್ಡದಾಗಿ ಕಾಣ್ತದೆ ಎಂದು ಬರೆದದ್ದನ್ನು ನಂಬಬಾರದು, ಗಾಜು ಅಗಲ ಉಂಟಾ ನೋಡಬೇಕು, ಅದನ್ನು ನಿಲ್ಲಿಸುವ ಮೂರು ಕಾಲು ಅಲ್ಲಾಡ್ತದಾ ನೋಡಬೇಕು. ಅರೆ! ಬಿರಿಯಾನಿ ಪಾತ್ರೆಯನ್ನು ನಾನು ಆರಿಸುವುದೂ ಹೀಗೆಯೇ ಅಲ್ಲವಾ? ಬಾಯಿ ಅಗಲ ಬೇಕು, ತಳ ಕುಣಿಯಬಾರದು. ಆ ಪುಸ್ತಕ ಬರೆದವನ ಮೇಲೆ ಅಂದಿನಿಂದ ನನಗೆ ಭಾರಿ ಗೌರವ.

ದುರ್ಬೀನು ಬಂತು. ನಾನು ಮೊದಲು ಕಣ್ಣಿಟ್ಟು "ಮಾಷಾ ಅಲ್ಲಾಹ್, ರಾತ್ರಿ ಆಕಾಶ ಎಷ್ಟು ಕಪ್ಪು!" ಎಂದೆ.

"ಅಜ್ಜಿ, ಈಗ ಹಗಲು. ಮುಚ್ಚಳ ತೆಗೆದಿಲ್ಲ."

ಚಂದ್ರ ಕಾಣಬೇಕಾದ ದಿನ ಮಧ್ಯಾಹ್ನ ಅವಳು ಅಂಗಳದಲ್ಲಿ ಪುಸ್ತಕ ಬಿಡಿಸಿದಳು. ದೊಡ್ಡ ಕೊಳವೆಯ ಬೆನ್ನ ಮೇಲೆ ಒಂದು ಸಣ್ಣ ಕೊಳವೆ ಉಂಟು, ಗುರಿ ಹಿಡಿಯಲಿಕ್ಕೆ. ಹಗಲಿನಲ್ಲೇ ದೂರದ ಒಂದು ಅಲ್ಲಾಡದ ವಸ್ತುವಿಗೆ ಎರಡನ್ನೂ ಹೊಂದಿಸಬೇಕಂತೆ. ಇಲ್ಲದಿದ್ದರೆ ಸಣ್ಣದರಲ್ಲಿ ಸಿಕ್ಕಿದ್ದು ದೊಡ್ಡದರಲ್ಲಿ ಸಿಕ್ಕುವುದಿಲ್ಲ.

"ಅಲ್ಲಾಡದ್ದು ಯಾವುದನ್ನು ಹಿಡಿಯುವ ಅಜ್ಜಿ?"

"ನಿನ್ನ ಅಜ್ಜನನ್ನೇ ಹಿಡಿ" ಎಂದೆ. ಗದ್ದೆಯಾಚೆ ನಮ್ಮ ಅಂಗಡಿ. ಮದುವೆಯಾದಂದಿನಿಂದ ಇವರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದದ್ದನ್ನು ನಾನು ಕಂಡವಳಲ್ಲ. ಗಿರಾಕಿ ಬಂದರೂ "ಸಕ್ಕರೆ ಅಲ್ಲುಂಟು, ನೀವೇ ತೂಗಿಕೊಳ್ಳಿ" ಎನ್ನುವ ಜನ.

ದೊಡ್ಡ ಕೊಳವೆಯಲ್ಲಿ ನೋಡಿದರೆ ಇವರು ತಲೆಕೆಳಗೆ! ಕುರ್ಚಿಯ ಕಾಲು ಮೇಲಕ್ಕೆ, ಗಡ್ಡ ಆಕಾಶಕ್ಕೆ, ಟೊಪ್ಪಿ ಮಾತ್ರ ಬೀಳುವುದಿಲ್ಲ. ನಾನು ನೆಲದಲ್ಲಿ ಕೂತು ನಕ್ಕೆ. "ಹಾಗೇ ಕಾಣುವುದು, ಹೆದರಬೇಡಿ ಎಂದು ಪುಸ್ತಕದಲ್ಲಿ ಉಂಟು" ಎಂದು ಅವಳು ಗಂಭೀರವಾಗಿ ಸಣ್ಣ ಕೊಳವೆಯ ತಿರುಪು ತಿರುಗಿಸಿ, ಬಿಳಿ ಚುಕ್ಕೆಯ ಹಾಗೆ ಕಂಡ ಟೊಪ್ಪಿಗೆ ಗುರಿ ಕೂರಿಸಿದಳು.

ಸೂರ್ಯ ಪೂರಾ ಮುಳುಗುವ ತನಕ ದುರ್ಬೀನನ್ನು ಆ ಕಡೆ ತಿರುಗಿಸಲೇಬಾರದೆಂದು ಪುಸ್ತಕ ಹೇಳಿತ್ತು. ಸೂರ್ಯ ಮುಳುಗಿ ಮಸೀದಿಯಲ್ಲಿ ಮಗ್ರಿಬ್ ಬಾಂಗ್ ಆಯಿತು. ಖರ್ಜೂರ ಬಾಯಿಗೆ ಹಾಕಿ, ನಮಾಜು ಮುಗಿಸಿ ಓಡಿ ಬಂದೆವು. ಅವಳ ಕಣ್ಣಿಗೆ ಚಂದ್ರ ಬರಿಗಣ್ಣಿನಲ್ಲೇ ಸಿಕ್ಕಿತು. ಸಣ್ಣ ಕೊಳವೆಯಲ್ಲೂ ಸಿಕ್ಕಿತು. ದೊಡ್ಡದರಲ್ಲಿ ಏನೂ ಇಲ್ಲ! ಚಂದ್ರ ತೆಂಗಿನ ಕಡೆ ಇಳಿಯುತ್ತಾ ಉಂಟು, ಮಗುವಿನ ಕಣ್ಣಲ್ಲಿ ನೀರು.

ಅಷ್ಟರಲ್ಲಿ ಇವರು ಬಂದರು. "ಹೊಸ ಟೊಪ್ಪಿ ಹೇಗುಂಟು? ಮಧ್ಯಾಹ್ನ ಎದ್ದು ಹೋಗಿ ಅಂಗಡಿ ಮೂಲೆಯ ಕನ್ನಡಿಯಲ್ಲಿ ನೋಡಿ ನೋಡಿ ಸಾಕಾಯಿತು."

"ನೀವು ಎದ್ದಿರಾ?" ಎಂದು ನಾವಿಬ್ಬರೂ ಒಟ್ಟಿಗೆ ಕಿರುಚಿದೆವು.

"ಏಳಬಾರದಾ?"

"ಇಷ್ಟು ವರ್ಷ ಏಳದವರಿಗೆ ಇವತ್ತೇ ಏಳಬೇಕಿತ್ತಾ! ದೊಡ್ಡ ಕೊಳವೆ ನಿಮ್ಮ ಕುರ್ಚಿಯ ಮೇಲೆ, ಸಣ್ಣದು ನಿಮ್ಮ ಕನ್ನಡಿಯ ಮೇಲೆ!"

ಇವರು ಒಂದೂ ಅರ್ಥವಾಗದೆ ಟೊಪ್ಪಿ ತೆಗೆದು ಅದನ್ನೇ ತಿರುಗಿಸಿ ನೋಡಿದರು.

"ಮಗಳೇ, ಮಸೀದಿ ಮಿನಾರಿನ ಹಸಿರು ಲೈಟು ಹಿಡಿ" ಎಂದೆ. "ಅದು ಕನ್ನಡಿ ನೋಡಲಿಕ್ಕೆ ಏಳುವುದಿಲ್ಲ."

ಅವಳ ಬೆರಳು ಹೇಗೆ ಓಡಿತು ನೋಡಬೇಕಿತ್ತು! ಲೈಟಿಗೆ ಹೊಂದಿಸಿ, ಚಂದ್ರನ ಕಡೆ ತಿರುಗಿಸಿ, ನನ್ನ ತಲೆಯನ್ನು ಹಿಡಿದು ಬಗ್ಗಿಸಿದಳು. "ಅಜ್ಜಿ, ಮುಚ್ಚಬೇಕಾದ್ದು ಇನ್ನೊಂದು ಕಣ್ಣು!"

ಕಂಡಿತು. ಯಾ ಅಲ್ಲಾಹ್, ಕಂಡಿತು! ಉಗುರು ಕತ್ತರಿಸಿ ಬಿಸಾಡಿದ ಹಾಗೆ, ಬೆಳ್ಳಗೆ, ತೆಳ್ಳಗೆ. ಇವರ ಹಾಗೆ ತಲೆಕೆಳಗೆ! ನಾನು ಅತ್ತೆನಾ ನಕ್ಕೆನಾ ಗೊತ್ತಿಲ್ಲ. ಕಣ್ಣು ಮಾತ್ರ ತೆಗೆಯಲಿಲ್ಲ. ಒಳಗೆ ಫೋನು ಹೊಡೆದುಕೊಂಡಿತು, ಇವರು "ನಾಳೆ ಹಬ್ಬ" ಎಂದು ಕೂಗಿದರು, ಸೊಸೆ ಅಕ್ಕಿ ಎಷ್ಟು ನೆನೆಹಾಕುವ ಎಂದು ಕೇಳಿದಳು. ನಾನು ಕದಲಲಿಲ್ಲ.

"ಅಜ್ಜಿ, ಸಾಕು. ಚಂದ್ರ ಆಗಲೇ ಇಳಿದಾಯಿತು. ನೀವು ನೋಡ್ತಾ ಇರುವುದು ತೆಂಗಿನ ಗರಿ."

"ಇರಲಿ ಮಗಳೇ" ಎಂದೆ. "ನೀನು ತೋರಿಸಿದ ಗರಿಯೂ ಭಾರಿ ಚಂದ ಉಂಟು."