ಸಾವಿನ ಮನೆಗೆ ಮಡಿ ಹೊರುವ ವಂಡ್ಸೆಯ ಪದ್ದು

ವಂಡ್ಸೆಯಲ್ಲಿ ಇನ್ನೂ ಕಾಗೆಗಳಿಗೂ ಎಚ್ಚರವಾಗಿಲ್ಲ. ಹೊಳೆಯಲ್ಲಿ ಪದ್ದುವಿನ ಒಗೆಯುವ ಕಲ್ಲಿಗೆ ಮಾತ್ರ ಎಚ್ಚರವಾಗಿದೆ. ಈ ಹೆಂಗಸು ಒಂದು ಪಂಚೆ ಎತ್ತಿ ಬಡಿದರೆ ಆಚೆ ದಡದ ತೊಟ್ಟಿಲಲ್ಲಿ ಮಗು ಬೆಚ್ಚುತ್ತದೆ, ಕೊಲ್ಲೂರಿನ ಕಾಡಿನಲ್ಲಿ ಹುಲಿ ಮಗ್ಗುಲು ಬದಲಿಸುತ್ತದೆ. ನಂಬದವರು ಚಳಿಯಲ್ಲಿ ಎದ್ದು ಬಂದು ಕೇಳಲಿ. ವಯಸ್ಸು ಅರವತ್ತು ದಾಟಿದೆ. ಹಲ್ಲು ಮೂರೋ ನಾಲ್ಕೋ ಉಳಿದಿವೆ. ಬಾಯಿ ಮಾತ್ರ ಊರಿಗಿಡೀ ಸಾಕಾಗುವಷ್ಟಿದೆ.

ಇವತ್ತು ಒಗೆಯುತ್ತಿರುವುದು ಕೋಟದ ಕಡೆಯ ಒಂದು ಸಾವಿನ ಮನೆಯ ಬಟ್ಟೆ. ಹತ್ತಿರ ಹೋದರೆ ಕೈಯೆತ್ತಿ ತಡೆಯುತ್ತಾಳೆ.

"ಹ್ವಾಯ್, ಅಲ್ಲೇ ನಿಲ್ಲಿ! ಇದ್ ಸತ್ತೋರ್ ಮನಿ ಬಟ್ಟಿ. ಮುಟ್ರೆ ನೀವೂ ಮೀಯ್ಕ್. ಈ ಚಳಿಗ್ ಮಿಂದ್ರೆ ಸಾಯ್ತ್ರಿ. ಮತ್ತ್ ನಿಮ್ಮ ಮನಿಗೂ ನಾನೇ ಬರ್ಕಾತ್ತ್."

ಹೇಳಿ ತಾನೇ ನಗುತ್ತಾಳೆ. ನಗುವಾಗ ಕೈ ನಿಲ್ಲುವುದಿಲ್ಲ. ಆ ಕೈಗಳನ್ನು ನೋಡಬೇಕು. ಸೋಪು, ಬ್ಲೀಚಿಂಗ್ ಪುಡಿ, ನೀಲಿ ಎಲ್ಲ ಸೇರಿ ಬೆರಳ ಸಂದಿಗಳನ್ನು ಬೇಸಗೆಯ ಗದ್ದೆಯ ಹಾಗೆ ಸೀಳಿವೆ. ಉಪ್ಪು ಮುಟ್ಟಿದರೆ ಉರಿಯುತ್ತದೆ ಎಂದು ಗಂಜಿಗೆ ಉಪ್ಪನ್ನು ಮಗಳು ದಿವ್ಯಾ ಹಾಕಿಕೊಡುತ್ತಾಳೆ.

ನಮ್ಮ ಕಡೆ ಒಬ್ಬರು ಸತ್ತರೆ ಬೆಂಕಿ ಇಟ್ಟಲ್ಲಿಗೆ ಮುಗಿಯುವುದಿಲ್ಲ. ಸುದ್ದಿ ಬಂದ ಕೂಡಲೇ ಆ ಕುಟುಂಬದವರೆಲ್ಲ ತಲೆಗೆ ನೀರು ಹೊಯ್ದುಕೊಂಡು ಸೂತಕ ಹಿಡಿಯಬೇಕು. ಸೂತಕ ಕಳೆಯುವ ದಿನ ಮಡಿವಾಳರು ಒಗೆದ ಬಿಳಿ ಬಟ್ಟೆಯನ್ನು ಮನೆಮನೆಗೆ ಮುಟ್ಟಿಸಬೇಕು. ಅದೇ ಮಡಿ. ಎಷ್ಟು ದೊಡ್ಡ ಸಾಹುಕಾರನಾದರೂ ಆ ಬಟ್ಟೆ ಬಾರದೆ ದೇವಸ್ಥಾನದ ಮೆಟ್ಟಿಲು ಹತ್ತುವ ಹಾಗಿಲ್ಲ. ದೊಡ್ಡ ಮನೆಗಳಲ್ಲಿ ಕುಟುಂಬ ಹರಿಯುವುದು ತಾಯಿಯ ಕಡೆಯಿಂದ. ಅಪ್ಪ ಆಕಾಶದಿಂದ ಇಳಿದವನಾದರೂ ಮಕ್ಕಳು ಅಮ್ಮನ ಕುಟುಂಬದವರೇ. ಯಾವ ಅಜ್ಜಿಯ ಸಂತಾನ ಎಲ್ಲೆಲ್ಲಿ ಚದುರಿದೆ ಎಂದು ಮನೆಯವರಿಗೇ ಮರೆತು ಹೋಗಿರುತ್ತದೆ. ಮಡಿ ಹೊರುವವಳು ಮರೆಯುವಂತಿಲ್ಲ. ಯಾರ ಸಾವಿಗೆ ಯಾರು ಮೀಯಬೇಕು ಎನ್ನುವುದು ಅವಳ ದುಡಿಮೆಯ ದಾರಿ.

ಪದ್ದು ಮದುವೆಯಾಗಿ ಬಂದಾಗ ಈ ದಾರಿ ಅವಳ ಅತ್ತೆಯದು. ಗಂಡ ಸುಬ್ಬ ಒಗೆಯುತ್ತಿದ್ದ, ಅತ್ತೆ ಹೊರುತ್ತಿದ್ದಳು. ಒಂದು ಮಳೆಗಾಲ ಮದುವೆ ಮನೆಯ ಬಟ್ಟೆಯ ಗಂಟು ಹೊಳೆಯಲ್ಲಿ ತೇಲಿತು. ಸುಬ್ಬ ಅದರ ಹಿಂದೆ ಹಾರಿದ.

"ಗಂಟ್ ಸಿಕ್ತ್. ಅವ್ರ್ ಸಿಕ್ಲಿಲ್ಲೆ," ಎನ್ನುತ್ತಾಳೆ ಪದ್ದು. "ಮದಿ ಮನಿಯವ್ರ್ ಬಂದ್ ಮೊದ್ಲ್ ಗಂಟ್ ಬಿಚ್ಚಿ ಕಂಡ್ರ್, ರೇಷ್ಮಿ ಸೀರಿ ಸಮ ಇತ್ತಾ ಅಂದೇಳಿ. ಮತ್ತ್ ನನ್ ಮುಖ ಕಂಡ್ರ್."

ಗಂಡನನ್ನು ಕಳೆದುಕೊಂಡವರಿಗೆ ಅಳಲು ಒಂದು ಮೂಲೆಯಾದರೂ ಇರುತ್ತದೆ. ಪದ್ದುವಿಗೆ ಅದೂ ಇರಲಿಲ್ಲ, ಅದೇ ಹೊಳೆಗೆ ಮರುವಾರ ಇಳಿಯಬೇಕಾಯಿತು. ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ ಅತ್ತೆಯೂ ಹೋದಳು. ಹೋಗುವ ಮುಂಚೆ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಪ್ರತಿ ಕುಟುಂಬದ ಮನೆಗಳನ್ನು ಬಾಯಿಪಾಠ ಮಾಡಿಸಿದಳು. ಯಾವ ಮನೆಗೆ ಮೊದಲು, ಯಾವುದಕ್ಕೆ ಆಮೇಲೆ. ಹಿರಿಯ ಹೆಣ್ಣಿನ ಸಂತಾನಕ್ಕೆ ಮೊದಲ ಮಡಿ, ಕಿರಿಯವಳ ಸಂತಾನಕ್ಕೆ ಎರಡನೆಯದು. ಅದು ತಪ್ಪಿದರೆ ಸೂತಕದ ಮನೆಯಲ್ಲೇ ಜಗಳ ಏಳುತ್ತದೆ.

ಪದ್ದುವಿನ ಕಷ್ಟ ಶುರುವಾದದ್ದು ಈ ಪಾಠದಿಂದಲೇ.

ವಂಡ್ಸೆಯಿಂದ ಒಳಗೆ ಹೋದರೆ ಹಳೆಯ ಅರಸು ಮನೆ ಹೆಬ್ಬೈಲು ಬೀಡು ಸಿಗುತ್ತದೆ. ಅದರ ಹೆಬ್ಬಾಗಿಲಿನಲ್ಲಿ ಆನೆ ನುಗ್ಗಿ, ತಿರುಗಿ, ಮತ್ತೆ ಹೊರಗೆ ಬರಬಹುದು. ಬೀಡಿನ ಗದ್ದೆಯಂಚಿನಲ್ಲಿ ಹಳೆಯ ಕಾಲದ ಒಂದು ಕಲ್ಲು. ನಡುವೆ ಕತ್ತಿ ಹಿಡಿದ ವೀರ, ಅವನ ಆಚೆ ಈಚೆ ಒಬ್ಬೊಬ್ಬಳು ಹೆಂಗಸು. ಆರು ನೂರು ವರ್ಷದ ಹಿಂದೆ ಈ ಸೀಮೆ ಆಳಿದವನು ಅವನೇ, ಹೆಂಗಸರಿಬ್ಬರು ಅವನ ತಂಗಿಯರು, ಒಬ್ಬಳ ಸಂತಾನ ಬೀಡಿನಲ್ಲಿ ನಿಂತಿತು, ಇನ್ನೊಬ್ಬಳದು ಹೊಳೆ ದಾಟಿ ಮರವಂತೆಗೆ ಹೋಯಿತು ಎಂದು ಊರವರು ಹೇಳುತ್ತಾರೆ.

ಎರಡು ಸಾವಿರದ ಎಂಟರಲ್ಲಿ ಬೀಡಿನ ಉಮಾನಾಥ ಮುಂಬಯಿಯಿಂದ ಬಂದರು. ಅಲ್ಲಿ ಹೋಟೆಲು ಇಟ್ಟವರು. ಬೀಡಿನ ನಾಗಬನ ಹೊಸದಾಗಿ ಕಟ್ಟಿಸಿ, ಆ ವೀರನಿಂದ ಹಿಡಿದು ತನ್ನವರೆಗೆ ವಂಶದ ಹೆಸರುಗಳನ್ನು ಕಪ್ಪು ಕಲ್ಲಿನಲ್ಲಿ ಕೆತ್ತಿಸಿ ಅಲ್ಲೇ ನಿಲ್ಲಿಸಬೇಕು ಎಂದು ಅವರ ಆಸೆ. ಹಳೆಯ ಕಲ್ಲುಬರಹ ಓದಬಲ್ಲ ಕೋಟದ ಲೀಲಾಧರ ಮಾಸ್ಟ್ರನ್ನು ಕರೆಸಿದರು. ಮಾಸ್ಟ್ರು ಗದ್ದೆಯ ಕಲ್ಲಿಗೆ ಸೀಮೆಸುಣ್ಣದ ಪುಡಿ ಹಚ್ಚಿ, ಬಿಸಿಲಲ್ಲಿ ಹೊಟ್ಟೆಯ ಮೇಲೆ ಮಲಗಿ ಓದಿದರು.

"ಅಕ್ಷರ ಎಲ್ಲ ಮಳಿ ತಿಂದಿತ್ತ್ ಉಮಾನಾಥ್ರೆ," ಎಂದರು. "ಅರಸು ಅಂಬುದೊಂದ್ ಕಾಣ್ತ್. ತಂಗಿಯರ್ ಹೆಸ್ರೂ ಇಲ್ಲೆ, ಯಾರ್ ದೊಡ್ಡೋಳಂಬುದೂ ಇಲ್ಲೆ. ಇನ್ ಜನ್ರ ಹತ್ರವೇ ಕೇಂಣ್ಕ್."

ಹಾಗಾಗಿ ಪದ್ದುವಿಗೆ ಕರೆ ಬಂತು. ಕುಟುಂಬದ ಮನೆಗಳನ್ನು ತೋರಿಸು ಎಂದು ಉಮಾನಾಥರು ಕಾರಿನ ಬಾಗಿಲು ತೆಗೆದರು.

"ತೋರ್ಸ್ತೆ ಒಡೆಯಾ. ಆರೆ ಆ ತಣ್ಣನ್ ಗಾಳಿ ಒಂದ್ ಬಿಡ್ಬೇಡಿ. ದಿನಾ ಹೊಳಿಯಗೆ ನಿಂತ್ರೂ ಬಾರದ್ ಶೀತ ನಿಮ್ಮ್ ಕಾರಗೆ ಬತ್ತ್."

ಕೋಟದ ಮನೆ ನೋಡಿದರು, ಬ್ರಹ್ಮಾವರದ ಮನೆ ನೋಡಿದರು. ಪದ್ದು ಎಲ್ಲಿಯೂ ಯಾರ ಹೆಸರೂ ಊರೂ ಕೇಳಲಿಲ್ಲ. ಜಗಲಿಯಲ್ಲಿ ಕೂತ ಮುದುಕಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, "ಅಮ್ಮಾ, ಯಾರ್ ಸತ್ರೆ ನೀವ್ ಮೀತ್ರಿ?" ಎಂದಷ್ಟೇ ಕೇಳಿದಳು. ಬ್ರಹ್ಮಾವರದ ಸೊಸೆಯೊಬ್ಬಳು ಬೆಳಿಗ್ಗೆ ಬೆಳಿಗ್ಗೆ ಅಪಶಕುನ ಎಂದು ಬೈದು ಕಳಿಸಿದಳು.

ಕೊನೆಗೆ ಮರವಂತೆ. ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕೆ, ಇನ್ನೊಂದು ಬದಿಗೆ ಸಮುದ್ರ. ಸಮುದ್ರದ ಬದಿಗೆ ಕುಸುಮಾವತಿಯಮ್ಮನ ಮನೆ. ಗಂಡನಿಲ್ಲ, ಮಕ್ಕಳಿಲ್ಲ, ಅಣ್ಣತಮ್ಮಂದಿರೂ ಮುಗಿದಿದ್ದರು. ಹೊಳೆ ದಾಟಿ ಹೋದ ಆ ಸಂತಾನದಲ್ಲಿ ಉಳಿದದ್ದು ಅವರೊಬ್ಬರೇ.

ಈ ಮನೆ ಬೀಡಿನಿಂದ ಕಳಚಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಕುಸುಮಾವತಿಯಮ್ಮ ಸಣ್ಣವರಿದ್ದಾಗ ಬೀಡಿನ ಅಜ್ಜಿ ಆಸಾಡಿ ತಿಂಗಳಲ್ಲಿ ಸತ್ತರು. ಹೊಳೆ ದಡ ಮೀರಿತ್ತು, ದೋಣಿಯವನು ದೋಣಿ ಬಿಚ್ಚಲಿಲ್ಲ. ಪದ್ದುವಿನ ಅತ್ತೆ ಮಡಿಯ ಗಂಟು ಹೊತ್ತು ದಡದವರೆಗೆ ಹೋಗಿ ಹಿಂದೆ ಬಂದಳು. ಆಚೆಯವರು ಕಾದರು. ಮಡಿ ಬಾರದ ಮೇಲೆ, ನಮ್ಮನ್ನು ಕುಟುಂಬದಿಂದ ಬಿಟ್ಟರು ಎಂದುಕೊಂಡು ಸತ್ತವರ ಹೆಸರಿನ ಬೊಜ್ಜದ ಊಟಕ್ಕೆ ಬರಲಿಲ್ಲ. ಊಟಕ್ಕೆ ಬಾರದ್ದಕ್ಕೆ ಬೀಡಿನವರು, ಮರವಂತೆಯವರಿಗೆ ಸೊಕ್ಕು ಎಂದರು. ಆಮೇಲೆ ಆಚೆ ಸಾವಾದಾಗ ಈಚೆಗೆ ಸುದ್ದಿಯಿಲ್ಲ, ಈಚೆ ಸಾವಾದಾಗ ಆಚೆಗಿಲ್ಲ. ಹೊಳೆ ಇಳಿಯಿತು, ಸೇತುವೆ ಬಂತು, ಬಸ್ಸು ಬಂತು. ಎರಡು ಮನೆಯ ಮೂಗು ಮಾತ್ರ ಒಂದು ನೂಲಿನಷ್ಟೂ ಇಳಿಯಲಿಲ್ಲ.

ಪದ್ದು ಅಂಗಳದಲ್ಲಿ ನಿಂತು ಕೂಗಿದಳು. "ಅಮ್ಮಾ, ನಾನ್ ವಂಡ್ಸಿ ಪದ್ದು. ಮಡಿ ಕೊಡುವ್ಳ್."

ಒಳಗಿನಿಂದ ಕುಸುಮಾವತಿಯಮ್ಮ ಗೋಡೆ ಹಿಡಿದುಕೊಂಡು ಬಂದರು. "ಈಗ ಬಂದ್ಯಾ? ನಾನ್ ಸಣ್ಣೋಳಿಪ್ಪತಿಗೆ ಬರ್ಕಿದ್ದದ್. ಭಾರಿ ಬೇಗ ಬಂದ್ಯಲೆ ಮರಾಯ್ತಿ!"

ಉಮಾನಾಥರು ಚಪ್ಪಲಿ ಬಿಟ್ಟು ಕೂತರು. ಅವರಿಗೆ ಇದ್ದ ಹೆದರಿಕೆ ಒಂದೇ. ನೇರವಾಗಿಯೇ ಕೇಳಿದರು. "ಅಮ್ಮಾ, ನಿಮ್ಗೆಂತ ಬೇಕ್? ಬೀಡಿನ್ ಜಾಗದಗೆ ಪಾಲಾ?"

"ಜಾಗ ಎಂತಕ್ ಮಗಾ? ಇದ್ದದ್ದನ್ನೇ ಸಮುದ್ರ ತಿಂತಾ ಇತ್ತ್. ನಾನ್ ಸತ್ ದಿನ ನಿಮ್ಮ್ ಬೀಡಗೆ ಯಾರಾರೂ ತಲಿಗ್ ನೀರ್ ಹೊಯ್ಕಂತ್ರಾ? ಅಷ್ಟ್ ಹೇಳ್."

ಉಮಾನಾಥರು "ಕಾಂಬ ಅಮ್ಮಾ, ನೋಡುವ" ಎಂದು ಎದ್ದರು. ಹಿಂದೆ ಬರುವಾಗ ಕಾರಿನಲ್ಲಿ ಪದ್ದುವನ್ನು ಕೇಳಿದರು, ಹಿಂದೆ ಎರಡು ಮನೆಗೂ ಮಡಿ ಹೋಗುವಾಗ ಮೊದಲು ಹೋಗುತ್ತಿದ್ದದ್ದು ಎಲ್ಲಿಗೆ?

ಆಗ ಬಾಯಿ ಮುಚ್ಚಿಕೊಂಡಿದ್ದರೆ ಇವತ್ತಿಗೂ ಬೀಡಿನ ಅಕ್ಕಿ ಉಣ್ಣುತ್ತಿದ್ದಳು. ಆದರೆ ಬಾಯಿಪಾಠ ಮಾಡಿದ್ದು ಕೇಳಿದ ಕೂಡಲೇ ಹೊರಗೆ ಬಿತ್ತು.

"ಮೊದ್ಲ್ ಮಡಿ ಹೊಳಿ ಆಚಿಗೆ, ಮತ್ತ್ ಬೀಡಿಗೆ ಅಂದೇಳಿ ಅತ್ತಿ ಹೇಳಿದ್ರ್ ಒಡೆಯಾ."

ಅಂದರೆ ಹಿರಿಯ ತಂಗಿಯ ಸಂತಾನ ಮರವಂತೆಯದು, ಬೀಡಿನವರು ಕಿರಿಯವಳ ಕಡೆಯವರು. ಉಮಾನಾಥರು ತಿರುಗಿ ನೋಡಿದರು. "ನಿನ್ನತ್ತಿಗ್ ಮರ್ಲ್, ತಲಿ ಸಮ ಇರ್ಲಿಲ್ಲೆ."

"ಇದ್ರೂ ಇಪ್ಪುಕ್ ಸಾಕ್. ಸಾಯುವತಿಗೆ ಹೇಳದ್ದಲ್ದಾ? ನಂಗೂ ಪೂರ್ತಿ ಧೈರ್ಯ ಇಲ್ಲೆ," ಎಂದಳು ಪದ್ದು. ಆ ಮಾತು ನಿಜ. ಹಿರಿಯವಳು ಯಾರೆಂದು ಇವತ್ತಿಗೂ ಅವಳು ಆಣೆ ಹಾಕಿ ಹೇಳುವುದಿಲ್ಲ. "ದೊಡ್ಡೋಳೋ ಸಣ್ಣೋಳೋ, ಅದ್ ಕಟ್ಕಂಡ್ ನಂಗೆಂತ? ಒಂದೇ ಹೊಟ್ಟಿ ಸಂತಾನ. ಸತ್ರೆ ಮೀಯ್ಕ್, ಅಷ್ಟೇ."

ಕಪ್ಪು ಕಲ್ಲು ಕಾರ್ಕಳದಿಂದ ಬಂತು. ಅದರಲ್ಲಿ ವೀರನಿಗೆ ಒಬ್ಬಳೇ ತಂಗಿ.

ನಾಗಬನದ ಪ್ರತಿಷ್ಠೆಗೆ ಮೂರು ದಿನ ಇರುವಾಗ ಕುಸುಮಾವತಿಯಮ್ಮ ಹೋದರು. ಪಕ್ಕದ ಮನೆಯ ಮೀನುಗಾರ ಯೋಗೀಶ್ ಬೆಳಿಗ್ಗೆ ಬಲೆ ತೆಗೆಯಲು ಹೋಗುವಾಗ ಬಾಗಿಲು ತೆರೆದದ್ದು ಕಂಡು ಒಳಗೆ ಹೋಗಿ ನೋಡಿದ. ಓಣಿಯವರೇ ಸೇರಿ ಬೆಂಕಿ ಕೊಟ್ಟರು. ಯೋಗೀಶ್ ಪದ್ದುವಿಗೆ ಫೋನು ಮಾಡಿದ. ಅವಳು ಒದ್ದೆ ಸೀರೆಯಲ್ಲೇ ಬೀಡಿಗೆ ನಡೆದಳು.

ಅಂಗಳದಲ್ಲಿ ಊರಿಗೆ ಊರೇ ಹಿಡಿಸುವ ಚಪ್ಪರ. ಮುಂಬಯಿಯ ನೆಂಟರು ಇಳಿದಾಗಿತ್ತು, ಭಟ್ಟರು ಬಂದಾಗಿತ್ತು, ಒಲೆ ಹೂಡಿಯಾಗಿತ್ತು. ಸೂತಕ ಒಪ್ಪಿಕೊಂಡರೆ ಅಷ್ಟೂ ನಿಲ್ಲಬೇಕು.

"ಮರವಂತಿ ಅಮ್ಮ ಹೋದ್ರ್ ಒಡೆಯಾ," ಎಂದಳು ಪದ್ದು, ಚಪ್ಪರದ ಹೊರಗೆ ನಿಂತು. "ಸೂತ್ಕ ಹೇಳುಕ್ ಬಂದೆ."

"ಯಾವ್ ಮರವಂತಿ ಅಮ್ಮ? ನಮ್ಗ್ ಅಲ್ಲ್ ಯಾರೂ ಇಲ್ಲೆ."

"ನೀವೇ ಕೂಕಂಡ್ ಮಾತಾಡ್ಕಂಡ್ ಬಂದದ್ದಲ್ದಾ?"

"ಪದ್ದು, ಹೇಳದ್ ಕೇಂಣ್. ಮನಿಗ್ ಹೋಗ್."

ಜಗಲಿಯಲ್ಲಿ ಹೆಂಗಸರು ಪೂಜೆಗೆ ಅಡಿಕೆಯ ಹಿಂಗಾರ ಬಿಡಿಸುತ್ತಿದ್ದರು. ಅವರ ನಡುವೆ ಉಮಾನಾಥರ ದೊಡ್ಡಮ್ಮ ವನಜಮ್ಮ. ಬೀಡಿನಲ್ಲಿ ಉಳಿದ ಎಲ್ಲರಿಗಿಂತ ಹಿರಿಯ ಹೆಣ್ಣು. ಪ್ರತಿಷ್ಠೆಯ ದಿನ ಮೊದಲ ಹಾಲು ಹೊಯ್ಯಬೇಕಾದವರು ಅವರೇ. ಅವರು ಮಡಿಲಲ್ಲಿದ್ದ ಹೂವನ್ನು ಪಕ್ಕದವಳಿಗೆ ಕೊಟ್ಟು ಎದ್ದರು. ಬಾವಿಗೆ ಹೋದರು. ಒಂದು ಕೊಡಪಾನ ಸೇದಿ, ಉಟ್ಟ ಪಟ್ಟೆ ಸೀರೆಯ ಮೇಲೆಯೇ ತಲೆಗೆ ಹೊಯ್ದುಕೊಂಡರು.

ಚಪ್ಪರ ಕಟ್ಟುವವರ ಕತ್ತಿ ನಿಂತಿತು.

"ದೊಡ್ಡಮ್ಮಾ! ನಿಮ್ಗೆಂತ ಮರ್ಲಾ?" ಉಮಾನಾಥರು ಓಡಿ ಬಂದರು.

"ಮರ್ಲಲ್ಲ ಮಗಾ, ಸೂತ್ಕ," ಎಂದರು ವನಜಮ್ಮ. "ನೀನ್ ನಿನ್ ಕೆಲ್ಸ ಮಾಡ್. ನಾನ್ ಒಳ್ಗ್ ಬತ್ತಿಲ್ಲೆ."

ಪ್ರತಿಷ್ಠೆ ನಡೆಯಿತು. ಊಟಕ್ಕೆ ಸಾಲು ಹೆದ್ದಾರಿಯವರೆಗೆ ಇತ್ತು ಎನ್ನಬೇಕು, ಅಷ್ಟು ಜನ. ವನಜಮ್ಮ ಕೊಟ್ಟಿಗೆಯ ಮಗ್ಗುಲಿನ ಚಾವಡಿಯಲ್ಲಿ ಒದ್ದೆ ಕೂದಲು ಒಣಗಿಸಿಕೊಂಡು, ಚಂಡೆಯ ಸದ್ದು ಕೇಳುತ್ತ ಕೂತಿದ್ದರು. ಸೂತಕ ಕಳೆಯುವ ದಿನ ಪದ್ದು ಅಷ್ಟು ದೊಡ್ಡ ಬೀಡಿಗೆ ಒಂದೇ ಒಂದು ಮಡಿ ಹೊತ್ತು ಹೋದಳು. ಹಿತ್ತಲ ಬಾಗಿಲಿನಿಂದ ಹೋಗಿ ಕೊಟ್ಟು ಬಂದಳು.

ಅದೇ ಕೊನೆ. ಬೀಡಿನ ಬಟ್ಟೆ ಈಗ ಕುಂದಾಪುರದ ಲಾಂಡ್ರಿಗೆ ಹೋಗುತ್ತದೆ. ಬೀಡು ಬಿಟ್ಟಿತು ಎಂದು ಇನ್ನೂ ನಾಲ್ಕು ಮನೆಗಳು ಬಿಟ್ಟವು. ಉಳಿದ ಮನೆಗಳಲ್ಲಿ ಒಗೆಯುವ ಮಿಷನ್ನು ಗುಡುಗುಡು ಎನ್ನುತ್ತದೆ. ದಿವ್ಯಾ ಬಸ್ ಸ್ಟ್ಯಾಂಡಿನ ಹತ್ತಿರ ಇಸ್ತ್ರಿ ಅಂಗಡಿ ಹಾಕಿದ್ದಾಳೆ. ಸಾವಿನ ಮನೆಯ ಗಂಟನ್ನು ಅಂಗಡಿಗೆ ತರಬೇಡ ಎಂದು ಅಮ್ಮನಿಗೆ ಕಡಾಖಂಡಿತ ಹೇಳಿದ್ದಾಳೆ. ಈ ದಾರಿಯನ್ನು ಮಗಳಿಗೆ ಕಲಿಸಲಿಲ್ಲವೇ ಎಂದರೆ ಪದ್ದು ತಲೆ ಅಲ್ಲಾಡಿಸುತ್ತಾಳೆ.

"ಕಲ್ಸ್ಲಿಲ್ಲೆ. ಇದ್ ಗೊತ್ತಿದ್ದದ್ದಕ್ಕೇ ನನ್ ಅನ್ನ ಹೋಯ್ತ್. ಅವ್ಳಿಗ್ ಎಂತಕೆ?"

ಬಿಸಿಲು ಏರಿದೆ. ಕೋಟದ ಬಟ್ಟೆಯೆಲ್ಲ ಹೊಳೆಯ ದಂಡೆಯಲ್ಲಿ ಹರಡಿಯಾಗಿದೆ. ಪದ್ದು ಕಲ್ಲಿನ ಮೇಲೆ ಕೂತು ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ವನಜಮ್ಮ ಹಾಸಿಗೆ ಹಿಡಿದು ಈಗ ಆರು ತಿಂಗಳು. ಬೀಡಿನ ಹೆಂಗಸರು ಗದ್ದೆಯಲ್ಲಿ ಸಿಕ್ಕಾಗ ಪಿಸುಗುಟ್ಟಿ ಹೇಳಿದ್ದಾರೆ. ಪದ್ದುವಿಗೂ ಎದೆಯಲ್ಲಿ ಕಫ, ರಾತ್ರಿ ಉಸಿರು ಕಟ್ಟುತ್ತದೆ. ಏನಾದರೂ ಆಸೆ ಉಳಿದಿದೆಯೇ ಎಂದರೆ ಎಲೆಯಡಿಕೆಯನ್ನು ಪಕ್ಕಕ್ಕೆ ಉಗುಳುತ್ತಾಳೆ.

"ವನಜಮ್ಮಂಗಿಂತ ಮುಂಚೆ ನಾನ್ ಹೋಪುಕ್ ಆಗ. ಅವ್ರ್ ಹೋದ್ರೆ ಮರವಂತಿಗೊಂದ್ ಮಡಿ ತಕಂಡ್ ಹೋಯ್ಕ್. ಮನಿ ಇಲ್ಲೆ ಅಂಬ್ರ್, ಹೋದ್ ಮಳಿಗ್ ಬಿತ್ತಂಬ್ರ್. ಜಾಗ ಇತ್ತಲೆ. ಮೊದ್ಲ್ ಅಲ್ಲಿಟ್ಟ್, ಮತ್ತ್ ಬೀಡಿಗ್ ಹೋತೆ. ಬಾಗ್ಲ್ ತೆಗಿಲಿ, ಬಿಡ್ಲಿ."