ಜಶೀಬಾ ಅವರ ಸಣ್ಣ ಟ್ರ್ಯಾಕ್ಟರು, ನಮ್ಮ ಹಿತ್ತಲ ನಲ್ಲಿ

ಪಂಕ್ಚರ್ ಹಾಕುವ ಅಂಟಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತದೆ. ಮೊನ್ನೆ ಸ್ಯಾಟಲೈಟ್ ಬಡಾವಣೆಯ ನಮ್ಮ ಸೊಸೈಟಿಯ ಗೇಟಿನಾಚೆ, ಬೇವಿನ ಮರದ ಬುಡದಲ್ಲಿ ಕೂರುವವನ ಹತ್ತಿರ ಹಳೆಯ ಸ್ಕೂಟರ್ ನಿಲ್ಲಿಸಿದ್ದೆ. ಅವನು ಟ್ಯೂಬಿಗೆ ಗಾಳಿ ತುಂಬಿ ನೀರಿನಲ್ಲಿ ಅದ್ದಿದ, ಬುಳಬುಳನೆ ಗುಳ್ಳೆ ಎದ್ದವು, ಒರೆಸಿ ಉಜ್ಜಿ ಅಂಟು ಬಳಿದ. ಅಷ್ಟೇ ಸಾಕಾಯಿತು. ಆಟೋಗಳ ಸದ್ದೆಲ್ಲ ಎಲ್ಲೋ ದೂರ ಸರಿದು, ಚಾಂದ್‌ಖೇಡಾದ ನಮ್ಮ ಕ್ವಾರ್ಟರ್ಸಿನ ಹಿತ್ತಲು, ಅಲ್ಲಿನ ತೊಟ್ಟಿಕ್ಕುವ ನಲ್ಲಿ, ಸೆರಗು ಸಿಕ್ಕಿಸಿಕೊಂಡು ಕುಕ್ಕರುಗಾಲಲ್ಲಿ ಕೂತ ಇಬ್ಬರು ಹೆಂಗಸರು ಕಣ್ಣ ಮುಂದೆ ಬಂದರು. ಇಬ್ಬರೂ ಈಗಿಲ್ಲ. ಆ ಹಿತ್ತಲೂ ಇಲ್ಲ.

ಅಪ್ಪ ಎಣ್ಣೆ ಕಂಪನಿಯಲ್ಲಿ ಇಂಜಿನಿಯರ್. ಮದುವೆಯಾಗಿ ಕೊಪ್ಪಳದ ಕಡೆಯ ಹಳ್ಳಿಯಿಂದ ನೇರ ಗುಜರಾತಿನ ಆ ಕಾಲೊನಿಗೆ ಬಂದಿಳಿದ ಅವ್ವನಿಗೆ ಕನ್ನಡ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಮುಂಬಾಗಿಲಲ್ಲಿ ನಿಂತರೆ ಹಿಂದಿ, ಇಂಗ್ಲಿಷು, ಕಿಟಿ ಪಾರ್ಟಿ. ಹಾಗಾಗಿ ಅವಳು ಮುಂಬಾಗಿಲ ಸಹವಾಸವನ್ನೇ ಬಿಟ್ಟು ಹಿತ್ತಲಿಗೆ ಸೇರಿಕೊಂಡಳು. ಹಿತ್ತಲ ಗೋಡೆಗೊಂದು ಪುಟ್ಟ ಗೇಟು, ಅದರಾಚೆ ಬಂಡಿದಾರಿ, ದಾರಿಯಾಚೆ ಜಶೀಬಾ ಅವರ ಹೊಲ. ದಾರಿಯ ಎರಡೂ ಬದಿಗೆ ಜಾಲಿ. ಅಲ್ಲಿಯವರು ಅದನ್ನು ಗಾಂಡೋ ಬಾವಳ, ಅಂದರೆ ಹುಚ್ಚು ಜಾಲಿ ಎನ್ನುತ್ತಿದ್ದರು. ನಮ್ಮ ಕಡೆಯ ಬಳ್ಳಾರಿ ಜಾಲಿಯೇ ಅದು. ಬಂದ ಹೊಸದರಲ್ಲಿ ಅದನ್ನು ಕಂಡು ಅವ್ವ, “ಅಯ್ಯ, ಇದೂ ನಮ್ಮಂಗ ಇಲ್ಲಿಗಿ ಬಂದೈತಲ್ರೀ” ಎಂದು ಅತ್ತಿದ್ದಳಂತೆ. “ಮುಳ್ಳು ಕಂಡು ಅಳುವವರನ್ನು ನಾನು ಮೊದಲ ಸಲ ನೋಡಿದ್ದು” ಎಂದು ಅಪ್ಪ ಕೊನೆಯವರೆಗೂ ಅವಳನ್ನು ಕಾಡಿಸುತ್ತಿದ್ದ.

ಜಶೀಬಾ ಗಂಡನನ್ನು ಕಳೆದುಕೊಂಡ ಮೇಲೆ ಹೊಲವನ್ನು ತಾವೇ ನೋಡಿಕೊಳ್ಳುತ್ತಿದ್ದರು. ಕುದುರೆಮೆಂತ್ಯದ ಮೇವು ಹೇರಿಕೊಂಡು, ಆಟಿಕೆಯಂಥ ಕೆಂಪು ಟ್ರ್ಯಾಕ್ಟರನ್ನು ತಾವೇ ಓಡಿಸಿಕೊಂಡು ನಮ್ಮ ಗೋಡೆಯ ಹಿಂದೆ ಹಾದುಹೋಗುತ್ತಿದ್ದರು. ಅದರ ಮುಂದಿನ ಗಾಲಿಗಳು ಚಿಕ್ಕವು, ಟೈರು ಸವೆದವು. ಜಾಲಿಮುಳ್ಳಿಗೆ ಅವೆಂದರೆ ಬಲು ಪ್ರೀತಿ. ಬುಸ್ಸೆಂದು ಟೈರು ಕೂತರೆ ಜಾಕು ಕೊಟ್ಟು, ನಟ್ಟು ಬಿಚ್ಚಿ, ಗಾಲಿಯನ್ನು ಉರುಳಿಸಿಕೊಂಡು ನಮ್ಮ ಗೇಟಿಗೆ ಬಂದು, “ಫರೀ ಪಂಚರ್, ಬೇನ್!” ಎಂದು ಕೂಗುತ್ತಿದ್ದರು. ಮತ್ತೆ ಪಂಕ್ಚರ್, ತಂಗಿ, ಅಂತ. ಅವ್ವ ಹಿಟ್ಟು ನಾದುವ ಕೈಯನ್ನು ಹಾಗೇ ಸೆರಗಿಗೆ ಒರೆಸಿಕೊಂಡು ಓಡುತ್ತಿದ್ದಳು. ಸಲಿಕೆಯಂಥ ಕಬ್ಬಿಣದ ಪಟ್ಟಿಯಿಂದ ಜಶೀಬಾ ಟೈರನ್ನು ಎಬ್ಬಿಸಿದರೆ ಅವ್ವ ಟ್ಯೂಬು ಎಳೆಯುವಳು. ಅವ್ವನ ತವರಿನ ಅಗಲ ಬಾಯಿಯ ಹಿತ್ತಾಳೆ ಕೊಪ್ಪರಿಗೆಗೆ ನೀರು ತುಂಬಿ ಇಬ್ಬರೂ ಟ್ಯೂಬನ್ನು ಸುತ್ತಲೂ ಅದ್ದಿ ಗುಳ್ಳೆ ಹುಡುಕುವರು. ಪ್ಯಾಚು ಒಣಗುವವರೆಗೆ ಚಹಾ. ಮಾತೂ ಅಷ್ಟೇ ಹೊತ್ತು; ಒಬ್ಬರದು ಗುಜರಾತಿ, ಇನ್ನೊಬ್ಬರದು ಕನ್ನಡ, ನಡುವೆ ಕೈಸನ್ನೆ. ಸೊಸೆಯ ಸುದ್ದಿ, ಸೊಂಟದ ನೋವು, ಬದನೆಕಾಯಿಯ ಹುಳು, ಎಲ್ಲವೂ ಇಬ್ಬರಿಗೂ ತಿಳಿಯುತ್ತಿತ್ತು. ಜಶೀಬಾ ತಂದ ಮಜ್ಜಿಗೆಯ ಡಬ್ಬಿಯನ್ನು ಅವ್ವ ಖಾಲಿ ಮರಳಿಸಿದವಳಲ್ಲ, ಶೇಂಗಾ ಹೋಳಿಗೆಯನ್ನೋ ಕರದಂಟನ್ನೋ ತುಂಬಿಯೇ ಕೊಡುತ್ತಿದ್ದಳು. ಅವ್ವ ಗಟ್ಟಿಯಾಗಿ ನಗುತ್ತಿದ್ದದ್ದು ಆಗ ಮಾತ್ರ.

ಇದೆಲ್ಲ ಅಪ್ಪನಿಗೆ ಹೇಗೆ ತಿಳಿಯಬೇಕು? ಒಂದು ಭಾನುವಾರ ಜಶೀಬಾ ಗಾಲಿ ಉರುಳಿಸಿಕೊಂಡು ಬಂದದ್ದನ್ನು ಕಂಡು ಅವನಿಗೆ ಕನಿಕರ ಉಕ್ಕಿತು. ಹಳೆಯ ಲಾರಿ ಟೈರಿನ ಪಟ್ಟಿ ಕತ್ತರಿಸಿ ತಂದು, ಟೈರಿಗೂ ಟ್ಯೂಬಿಗೂ ನಡುವೆ ಬಿಗಿಯಾಗಿ ಕೂರಿಸಿಕೊಟ್ಟ. “ಇನ್ನ ಆ ಮುದುಕಿಗೆ ಪಂಕ್ಚರಿನ ಕಾಟ ಇಲ್ಲ ನೋಡು” ಎಂದು ಮೀಸೆ ತಿರುವಿದ. ಇಂಜಿನಿಯರ್ ಮಾಡಿದ ಕೆಲಸ, ಹುಸಿಹೋಗಲಿಲ್ಲ. ಮುಳ್ಳು ಪಟ್ಟಿಯವರೆಗೆ ಬಂದು ಮುರಿದು ನಿಲ್ಲುತ್ತಿತ್ತು. ಟ್ರ್ಯಾಕ್ಟರು ಗುಡುಗುಡು ಎಂದು ಬರುತ್ತಿತ್ತು, ಜಶೀಬಾ ಕೈ ಎತ್ತುತ್ತಿದ್ದರು, ಹೋಗಿಬಿಡುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಸುಮ್ಮಸುಮ್ಮನೆ ಇನ್ನೊಬ್ಬರ ಮನೆಯಲ್ಲಿ ಕೂರುವುದು ಅವರ ಕಾಲದ ಹೆಂಗಸರಿಗೆ ಒಗ್ಗದ ಮಾತು. ಕರೆಯದೆ ಹೋಗುವುದು ಅವ್ವನಿಗೂ ಒಗ್ಗದು. ಡಬ್ಬಿ ಮಾತ್ರ ನಮ್ಮಲ್ಲೇ ಉಳಿದಿತ್ತು. ಅವ್ವ ಅದಕ್ಕೆ ಹೋಳಿಗೆ ತುಂಬಿಡುವಳು, ನಾಲ್ಕು ದಿನ ಕಾದು ನಮಗೇ ಬಡಿಸುವಳು, ಮತ್ತೆ ತುಂಬಿಡುವಳು. “ಊರಿಗಿ ಬಂದಾಕಿ ನೀರಿಗಿ ಬರಲಾರದ ಇರತಾಳೇನು?” ಎಂದು ತನಗೆ ತಾನೇ ಹೇಳಿಕೊಳ್ಳುವಳು. ಬರಬರುತ್ತ ಅದನ್ನೂ ಹೇಳುವುದು ಬಿಟ್ಟಳು. ಮನೆಯಲ್ಲಿ ಮಾತೇ ಕಡಿಮೆಯಾಯಿತು. ನನಗೆ ಅಪ್ಪನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಆ ಪಟ್ಟಿ ಹರಿದುಹೋಗಲೆಂದು ದೇವರಿಗೆ ಹರಕೆ ಹೊತ್ತಿದ್ದೆ.

ಚಳಿ ಶುರುವಾದ ಒಂದು ಮಧ್ಯಾಹ್ನ ಗೇಟಿನಲ್ಲಿ ಆ ಕೂಗು ಮತ್ತೆ ಕೇಳಿತು. “ಫರೀ ಪಂಚರ್, ಬೇನ್!” ಅವ್ವ ಕೊಪ್ಪರಿಗೆಯನ್ನು ಹೇಗೆ ಎತ್ತಿ ತಂದಳೋ, ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಟ್ಯೂಬಿಗೆ ಗಾಳಿ ತುಂಬಿ ಅದ್ದಿದರು. ಒಂದು ಸುತ್ತು, ಇನ್ನೊಂದು ಸುತ್ತು. ಒಂದೇ ಒಂದು ಗುಳ್ಳೆ ಏಳಲಿಲ್ಲ. ವಾಲ್ವಿನ ಬಾಯಿಯಲ್ಲೂ ಇಲ್ಲ. ನೀರು ಕನ್ನಡಿಯ ಹಾಗೆ ನಿಂತಿತ್ತು, ಅದರಲ್ಲಿ ಮೋಡ ಕಾಣುತ್ತಿತ್ತು. “ಅವ್ವಾ, ತೂತೇ ಇಲ್ಲ!” ಎಂದೆ. ಅವ್ವ ನನ್ನ ತೊಡೆ ಚಿವುಟಿದ ಜಾಗ ಸಂಜೆಯವರೆಗೂ ಉರಿಯುತ್ತಿತ್ತು. ಅವಳು ಜಶೀಬಾ ಕಡೆ ನೋಡಿದಳು. ಜಶೀಬಾ ಜಾಲಿಯ ಕಡೆ ನೋಡುತ್ತಿದ್ದರು, ಅವರ ಕಿವಿಯ ತುದಿ ಕೆಂಪಾಗಿತ್ತು. ಗಾಳಿ ಬಿಟ್ಟವರು ಯಾರೆಂದು ನನಗೆ ಆಗ ಹೊಳೆಯಿತು. ಅವ್ವ ಟ್ಯೂಬು ಒರೆಸಿದಳು, ನಡುವಿನಲ್ಲಿ ಒಂದು ಜಾಗ ಆರಿಸಿ ನಿಧಾನಕ್ಕೆ ಉಜ್ಜಿದಳು, ಅಂಟು ಬಳಿದಳು, ಪ್ಯಾಚು ಒತ್ತಿದಳು. “ಒಣಗಲಿ. ಬೇಸೋ, ಬಾ, ಬೇಸೋ” ಎಂದು, ಕೂರಮ್ಮ ಎಂಬ ತನಗೆ ಬರುತ್ತಿದ್ದ ಒಂದೇ ಗುಜರಾತಿ ಮಾತು ಆಡಿ ಚಹಾಕ್ಕಿಟ್ಟಳು. ಅವತ್ತು ಪ್ಯಾಚು ಒಣಗಲು ಬಹಳ ಹೊತ್ತು ಹಿಡಿಯಿತು.

ಆಮೇಲೆ ಪಟ್ಟಿಯಿದ್ದರೂ ಪಂಕ್ಚರ್ ಆಗುತ್ತಲೇ ಹೋಯಿತು. ಅಪ್ಪನಿಗೆ ಅದೊಂದು ಬಿಡಿಸಲಾಗದ ಒಗಟು. ಕೆಲವು ವರ್ಷಗಳಲ್ಲಿ ಹೊಲ ಮಾರಾಟವಾಗಿ ಅಲ್ಲಿ ಫ್ಲ್ಯಾಟು ಎದ್ದವು. ಜಶೀಬಾ ವಡೋದರಾದ ಮಗಳ ಮನೆಗೆ ಹೊರಡುವ ಮುಂಚೆ ಬಂದು, ಹುಡುಗಿ ಈಜು ಕಲಿಯಲಿ ಎಂದು ಸನ್ನೆ ಮಾಡಿ ಮುಂಗಾಲಿಯ ಟ್ಯೂಬನ್ನು ನನ್ನ ಕೊರಳಿಗೆ ಹಾಕಿದರು. ಅವ್ವ ಅದನ್ನು ನೀರಿಗೆ ಇಳಿಸಲು ಬಿಡಲಿಲ್ಲ, ಅಡುಗೆಮನೆಯ ಮೊಳೆಗೆ ತೂಗುಹಾಕಿದಳು. ಜಶೀಬಾ ತೀರಿಕೊಂಡ ಸುದ್ದಿ ಬಂದಾಗ ಅದನ್ನು ಇಳಿಸಿ ಧೂಳು ಒರೆಸಿ ಮತ್ತೆ ಅಲ್ಲೇ ಹಾಕಿದಳು.

ಹೋದ ವರ್ಷ ಅವ್ವನೂ ಹೋದಳು. ಟ್ಯೂಬು ಈಗ ನನ್ನ ಬಾಲ್ಕನಿಯಲ್ಲಿದೆ. ರಬ್ಬರು ಬಿರಿದಿದೆ, ಮೈತುಂಬ ಪ್ಯಾಚು. ಮೊನ್ನೆ ಸ್ಕೂಟರ್ ರಿಪೇರಿ ಮುಗಿಸಿ ಬಂದವಳೇ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ, ಒಂದೊಂದೇ ಪ್ಯಾಚನ್ನು ಸವರಿದೆ. ಯಾವುದು ಮುಳ್ಳು ಚುಚ್ಚಿದ ಜಾಗ, ಯಾವುದು ಚುಚ್ಚದೇ ಇದ್ದದ್ದು, ಬೆರಳಿಗೆ ಗೊತ್ತಾಗಲಿಲ್ಲ. ಎಲ್ಲವನ್ನೂ ಅವ್ವ ಒಂದೇ ಥರ ಒತ್ತಿ ಅಂಟಿಸಿದ್ದಾಳೆ.